ಅಪ್ಪನ ಮುಂದೆ ಹಣೆಗೆ ಮುತ್ತು: ಯಾರ ಎದುರು ಎಷ್ಟು ಸಲುಗೆ?

ಪ್ರಶ್ನೆ: ನನಗೆ 29 ವರ್ಷ. ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ; ಕೆಲಸಕ್ಕೆಂದು ಮುಂಬಯಿಗೆ ಬಂದು ಈಗ ಮುಲುಂಡಿನಲ್ಲಿ ನೆಲೆಸಿದ್ದೇನೆ. ಎರಡು ವರ್ಷದ ಹಿಂದೆ ಪ್ರೀತಿಸಿ ಮದುವೆಯಾದೆ. ಪತಿ ಮಡಗಾಂವಿನ ಕ್ಯಾಥೊಲಿಕ್ ಮನೆತನದವರು. ಅವರ ಮನೆಯಲ್ಲಿ ಯಾರೇ ಬಂದರೂ ಅಪ್ಪಿಕೊಂಡು, ಕೆನ್ನೆಗೆ ಕೆನ್ನೆ ತಾಗಿಸಿ ಮಾತನಾಡಿಸುತ್ತಾರೆ. ಮದುವೆಯ ಆರತಕ್ಷತೆಯಲ್ಲಿ ಅತಿಥಿಗಳು ಗ್ಲಾಸು ಬಡಿದು ಮುತ್ತು ಕೊಡಿರೆಂದು ಕೂಗಿದಾಗ ನಾನು ಮುಖ ತಿರುಗಿಸಿದ್ದನ್ನು ಅತ್ತೆ ಈಗಲೂ ನೆನಪಿಸಿ, 'ಇವಳದು ಬಿಗುಮಾನ ಜಾಸ್ತಿ' ಎಂದು ನಗುತ್ತಾರೆ. ಕಳೆದ ತಿಂಗಳು ಅಪ್ಪ, ಅವ್ವ ನಮ್ಮಲ್ಲಿಗೆ ಬಂದಿದ್ದರು. ಬೆಳಿಗ್ಗೆ ಆಫೀಸಿಗೆ ಹೊರಟ ಪತಿ ಎಂದಿನಂತೆ ನನ್ನ ಹಣೆಗೆ ಮುತ್ತಿಟ್ಟರು. ಅಪ್ಪ ಕುಡಿಯುತ್ತಿದ್ದ ಚಹಾ ಅಲ್ಲೇ ಬಿಟ್ಟು ಬಾಲ್ಕನಿಗೆ ಹೋದರು. ಒಂದು ದಿನ ಮೊದಲೇ ಊರಿಗೆ ಹೊರಟರು. 'ಅಪ್ಪಾರ ಮುಂದ ಹಂಗ ಮಾಡಬಾರದು ಅಂತ ಅಳ್ಯಾರಿಗೆ ನೀನ ತಿಳಿಸಿ ಹೇಳವ್ವಾ' ಎಂದು ಅವ್ವ ಫೋನಿನಲ್ಲಿ ಹೇಳಿದಳು. ಹೇಳಿದರೆ ಪತಿ, 'ನನ್ನ ಜೊತೆ ಕಾಣಿಸಿಕೊಳ್ಳಲು ನಿನಗೆ ನಾಚಿಕೆಯೇ?' ಎಂದು ಕೇಳಿದರು. ನಾವಿಬ್ಬರೇ ಇದ್ದಾಗ ಯಾವ ತೊಂದರೆಯೂ ಇಲ್ಲ. ನಾಲ್ಕು ಜನರ ನಡುವೆ ಅವರು ಹೆಗಲ ಮೇಲೆ ಕೈಯಿಟ್ಟರೆ ಸಾಕು, ನನ್ನ ಮೈ ಬಿಗಿಯುತ್ತದೆ. ಇದರ ಮೇಲೆ, ಒಂದು ಸಂಜೆ ಸಮುದ್ರದಂಡೆಯಲ್ಲಿ ಹಾಗೆ ಕುಳಿತಿದ್ದಾಗ ಖಾಕಿ ತೊಟ್ಟ ಇಬ್ಬರು ಬಂದು, 'ಲಗ್ನ ಆಗಿದೆಯೇ?' ಎಂದು ಮರಾಠಿಯಲ್ಲಿ ಗದರಿಸಿ 1,200 ರೂಪಾಯಿ ದಂಡ ಕೇಳಿದರು; ಪತಿ 500 ಕೊಟ್ಟು ಕಳಿಸಿದರು, ರಸೀದಿ ಇಲ್ಲ. ನನ್ನಲ್ಲೇ ಏನಾದರೂ ದೋಷವಿದೆಯೇ? ಇದು ನಿಜಕ್ಕೂ ಕಾನೂನಿಗೆ ವಿರುದ್ಧವೇ? ಪತಿಗೆ, ಅಪ್ಪನಿಗೆ ಹೇಗೆ ತಿಳಿಸಲಿ? ಬರುವ ಮಾಘದಲ್ಲಿ ಧಾರವಾಡದಲ್ಲಿ ತಂಗಿಯ ಮದುವೆ ಇದೆ. ಅಲ್ಲಿ ಏನಾಗುವುದೋ ಎಂದು ಈಗಿನಿಂದಲೇ ಭಯವಾಗುತ್ತಿದೆ.

ಉತ್ತರ: ನೀವು ಹಲವು ಪ್ರಶ್ನೆ ಕೇಳಿದ್ದೀರಿ, ಆದರೆ ಅವೆಲ್ಲದರ ಹಿಂದಿನ ಸಂಕಟ ಒಂದೇ. ಗಂಡ ಹೆಗಲ ಮೇಲೆ ಇಟ್ಟ ಕೈಯನ್ನು ಹಾಗೆಯೇ ಬಿಟ್ಟರೆ ಅಪ್ಪನಿಗೆ ನೋವು, ಅಪ್ಪನ ಮುಖ ನೋಡಿ ಆ ಕೈಯನ್ನು ಸರಿಸಿದರೆ ಗಂಡನಿಗೆ ನೋವು. ಹೀಗೆ ನಡುವೆ ಸಿಕ್ಕಿಕೊಂಡು, ತಪ್ಪು ನನ್ನದೇ ಇರಬೇಕೆಂದು ನಂಬುವ ಹಂತಕ್ಕೆ ಬಂದಿದ್ದೀರಿ. ಮಾಟುಂಗಾದಲ್ಲಿ ಕುಟುಂಬ ಸಲಹೆಗಾರಳಾಗಿ ಕೆಲಸ ಮಾಡುವ ನನ್ನ ಮುಂದೆ ಇದೇ ಸಂಕಟ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ: ಉಡುಪಿಯ ಅತ್ತೆಗೂ ಬಂಗಾಳಿ ಸೊಸೆಗೂ, ಜರ್ಮನಿಯಿಂದ ಮರಳಿದ ಮಗನಿಗೂ ವಿಜಯಪುರದ ತಂದೆಗೂ, ಕೆಲವೊಮ್ಮೆ ಒಂದೇ ಊರಿನ, ಒಂದೇ ಜಾತಿಯ ಎರಡು ಮನೆಗಳಿಗೂ ನಡುವೆ. ಬಂದವರೆಲ್ಲ 'ನಮ್ಮ ಸಂಸ್ಕೃತಿ, ಅವರ ಸಂಸ್ಕೃತಿ' ಎಂದು ಆರಂಭಿಸುತ್ತಾರೆ. ಆ ಮಾತಿನಿಂದ ಜಗಳಕ್ಕೆ ಬಲ ಬರುತ್ತದೆ, ತಿಳಿವಳಿಕೆಗೆ ಬರುವುದಿಲ್ಲ. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ನಿಮ್ಮ ದೋಷದ ವಿಷಯ. ಸ್ಪರ್ಶದ ಬಗ್ಗೆ ಒಬ್ಬರಿಗೆ ಆಳವಾದ ತೊಡಕಿದ್ದರೆ ಅದು ಬಾಗಿಲು ಹಾಕಿದ ಮೇಲೂ ಕಾಣಿಸಿಕೊಳ್ಳುತ್ತದೆ. ನಿಮ್ಮಿಬ್ಬರ ಏಕಾಂತದಲ್ಲಿ ತೊಂದರೆ ಇಲ್ಲವೆಂದು ನೀವೇ ಬರೆದಿದ್ದೀರಿ; ಹಾಗಿದ್ದರೆ ನಿಮ್ಮ ಮೈ ಬಿಗಿಯುವುದು ಗಂಡನ ಸ್ಪರ್ಶಕ್ಕಲ್ಲ, ಅದನ್ನು ನೋಡುತ್ತಿರುವ ಕಣ್ಣುಗಳಿಗೆ. ಇದಕ್ಕೆ ಇನ್ನೊಂದು ಕಾರಣವೂ ಇರಬಹುದು, ಅದನ್ನು ನಾನು ಕೇಳದೆ ಬಿಡುವುದಿಲ್ಲ. ಲೋಕಲ್ ರೈಲಿನಲ್ಲಿ, ಸ್ಟೇಷನ್ನಿನ ಸೇತುವೆಯ ನೂಕುನುಗ್ಗಲಿನಲ್ಲಿ ವರ್ಷಗಟ್ಟಲೆ ಓಡಾಡಿದ ಹೆಣ್ಣುಮಕ್ಕಳು ಪರ್ಸನ್ನು ಎದೆಗೆ ಒತ್ತಿಕೊಂಡು, ಮೊಣಕೈಯನ್ನು ಅರ್ಧ ಹೊರಗೆ ಚಾಚಿ ನಡೆಯುವುದನ್ನು ಕಲಿತಿರುತ್ತಾರೆ. ಗುಂಪಿನಲ್ಲಿ ಹಿಂದಿನಿಂದ ಮೈ ತಾಗಿದರೆ ಅದು ಕೇಡಿನದೇ ಎಂದು ದೇಹ ಮೊದಲು ತೀರ್ಮಾನಿಸಿಬಿಡುತ್ತದೆ. ತಾಗಿದ ಕೈ ಗಂಡನದು ಎಂಬ ಅರಿವು ಆಮೇಲೆ ಬರುತ್ತದೆ. ನಿಮ್ಮ ಅನುಭವದಲ್ಲಿ ಇಂಥದ್ದೇನಾದರೂ ಇದ್ದರೆ ಅದನ್ನು ಪತಿಗೆ ಹೇಳಿ. 'ನನಗೆ ನಾಚಿಕೆ' ಎಂಬುದಕ್ಕಿಂತ 'ಗುಂಪಿನಲ್ಲಿ ಯಾರಾದರೂ ಮುಟ್ಟಿದರೆ ನನ್ನ ಮೈ ತಾನಾಗಿಯೇ ಎಚ್ಚರಗೊಳ್ಳುತ್ತದೆ' ಎಂಬ ಮಾತು ಅವರಿಗೆ ಹೆಚ್ಚು ಅರ್ಥವಾದೀತು, ಅದು ಹೆಚ್ಚು ಸತ್ಯವೂ ಹೌದು.

ಇನ್ನು, ತೆರೆದ ಮನಸ್ಸಿನವರು ಎಲ್ಲರೆದುರು ಮುದ್ದಿಸುತ್ತಾರೆ, ಹಿಂದುಳಿದವರು ಮುಚ್ಚಿಡುತ್ತಾರೆ ಎಂಬ ನಂಬಿಕೆ. ನಿಮ್ಮ ಅತ್ತೆಯ ನಗುವಿನಲ್ಲೂ ಪತಿಯ ಪ್ರಶ್ನೆಯಲ್ಲೂ ಅದರ ನೆರಳಿದೆ. 1960ರ ದಶಕದಲ್ಲಿ ಸಿಡ್ನಿ ಜುರಾರ್ಡ್ ಎಂಬ ಮನಶ್ಶಾಸ್ತ್ರಜ್ಞ ಬೇರೆ ಬೇರೆ ಊರುಗಳ ಕೆಫೆಗಳಲ್ಲಿ ಕುಳಿತು, ಜೊತೆಯಾಗಿ ಕುಳಿತವರು ಒಂದು ಗಂಟೆಯಲ್ಲಿ ಪರಸ್ಪರ ಎಷ್ಟು ಸಲ ಮುಟ್ಟುತ್ತಾರೆಂದು ಎಣಿಸಿದ್ದರು. ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ 180, ಪ್ಯಾರಿಸ್ಸಿನಲ್ಲಿ 110, ಅಮೆರಿಕದ ಫ್ಲಾರಿಡಾ ರಾಜ್ಯದ ಗೇನ್ಸ್‌ವಿಲ್‌ನಲ್ಲಿ 2, ಲಂಡನ್ನಿನಲ್ಲಿ ಸೊನ್ನೆ. ಅದು ಚಿಕ್ಕ ಅವಲೋಕನ, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಬಾರದು ನಿಜ. ಆದರೂ ಮೈಮುಟ್ಟುವುದೇ ಪ್ರೀತಿಯ ಅಳತೆಯಾಗಿದ್ದರೆ ಲಂಡನ್ನಿನವರಿಗೆ ಪ್ರೀತಿಯೇ ಇರಲಿಲ್ಲ ಎನ್ನಬೇಕಾಗುತ್ತದೆ. 2015ರಲ್ಲಿ ಮೂವರು ಸಂಶೋಧಕರು 168 ಸಮಾಜಗಳ ವಿವರಗಳನ್ನು ಹೋಲಿಸಿದಾಗ, ಪ್ರಣಯದ ತುಟಿಮುತ್ತಿನ ರೂಢಿ ಕಂಡುಬಂದದ್ದು ಶೇಕಡಾ 46ರಲ್ಲಿ ಮಾತ್ರ. ಉಳಿದ ಸಮಾಜಗಳಲ್ಲಿಯೂ ಜನ ಒಲಿದು ಕೂಡಿ ಬಾಳಿದ್ದಾರೆ.

ಇದಕ್ಕೆ ಎದುರಾದ ನಂಬಿಕೆ, ನಮ್ಮವರು ಎಂದಿಗೂ ಮೈಮುಟ್ಟಿ ಮಾತನಾಡಿದವರೇ ಅಲ್ಲ ಎಂಬುದು. ಅದೂ ಅಷ್ಟೇ ಪೊಳ್ಳು. ನಿಮ್ಮ ತಂದೆ ಸಂಜೆ ಧಾರವಾಡದ ಸುಭಾಸ ರಸ್ತೆಯಲ್ಲಿ ಹಳೆಯ ಗೆಳೆಯರು ಸಿಕ್ಕರೆ ಅವರ ಕೈ ಹಿಡಿದುಕೊಂಡೇ ಕಾಲು ತಾಸು ಮಾತನಾಡುವವರಾಗಿದ್ದರೆ ನನಗೆ ಆಶ್ಚರ್ಯವಿಲ್ಲ. ಆ ಕಡೆಯ ಹಿರಿಯರಲ್ಲಿ ಅದು ಸಹಜ. ಅದೇ ಕೈಹಿಡಿಯುವಿಕೆ ಬೇರೆಡೆ ಸುದ್ದಿಯಾಗುತ್ತದೆ. 2005ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಟೆಕ್ಸಾಸಿನ ತಮ್ಮ ತೋಟದಲ್ಲಿ ಸೌದಿ ಅರೇಬಿಯದ ಯುವರಾಜ ಅಬ್ದುಲ್ಲಾ ಅವರ ಕೈ ಹಿಡಿದು ನಡೆದಾಗ ಅರಬರಿಗೆ ಅದು ಗೌರವದ ಗುರುತಾಗಿತ್ತು, ಅಮೆರಿಕದವರಿಗೆ ನಗೆಪಾಟಲಾಗಿತ್ತು. ಗಂಡು ಗಂಡಿನ ಕೈ ಹಿಡಿಯುವುದು ಒಂದು ಕಡೆ ಸಲೀಸು, ಗಂಡ ಹೆಂಡತಿಯ ಕೈ ಹಿಡಿಯುವುದು ಇನ್ನೊಂದು ಕಡೆ ಸಲೀಸು. ಎಲ್ಲವೂ ಸಲೀಸಾದ ಊರು ಮಾತ್ರ ನಾನು ಕಂಡಿಲ್ಲ. (ಬೇಲೂರು, ಪಟ್ಟದಕಲ್ಲುಗಳ ಮಿಥುನ ಶಿಲ್ಪಗಳನ್ನು ತೋರಿಸಿ ಹಿರಿಯರ ಬಾಯಿ ಮುಚ್ಚಿಸಲು ಹೊರಡುವ ಯುವಕರನ್ನು ಆಗಾಗ ನೋಡುತ್ತೇನೆ. ಆ ವಾದದಿಂದ ಯಾವ ಮಾವನೂ ಒಲಿದದ್ದಿಲ್ಲ.)

ಈಗ ನನಗೆ ಮುಖ್ಯವೆನಿಸುವ ಮಾತು. ನಾಲ್ಕು ಜನರೆದುರು ಪ್ರೀತಿ ತೋರಿಸಬಾರದು ಎಂಬಲ್ಲಿ ಆ ನಾಲ್ಕು ಜನ ಯಾರು ಎಂಬುದು ಮನೆಯಿಂದ ಮನೆಗೆ ಬದಲಾಗುತ್ತದೆ. ನಿಮ್ಮ ತಂದೆಗೆ ಆ ನಾಲ್ಕು ಜನರೆಂದರೆ ಮನೆಯ ಹಿರಿಯರು. ನಿಮ್ಮ ಪತಿಗೆ ಪರಿಚಯವೇ ಇಲ್ಲದವರು. ಮುಂಬಯಿಯಲ್ಲಿ ಬೆಳೆದ ಅನೇಕ ಜೋಡಿಗಳಿಗೆ ಇದು ಪೂರಾ ತಿರುವುಮುರುವು: ಪರಿಚಯವಿಲ್ಲದವರ ನಡುವೆಯೇ ಅವರಿಗೆ ಏಕಾಂತ. ಅಂದು ಬೆಳಿಗ್ಗೆ ನಿಮ್ಮ ಪತಿಯ ಲೆಕ್ಕದಲ್ಲಿ ಮುಲುಂಡಿನ ಆ ಹಾಲ್ ಜಗತ್ತಿನಲ್ಲೇ ಅತ್ಯಂತ ಖಾಸಗಿ ಜಾಗವಾಗಿತ್ತು, ಇದ್ದವರು ಮನೆಯವರೇ ತಾನೇ. ನಿಮ್ಮ ತಂದೆಯ ಲೆಕ್ಕದಲ್ಲಿ, ಅವರೇ ಅಲ್ಲಿ ಕುಳಿತಿದ್ದರಿಂದ, ಅದಕ್ಕಿಂತ ಬಯಲು ಬೇರೊಂದಿರಲಿಲ್ಲ. ನೀವಿಬ್ಬರೂ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೈ ಹಿಡಿದು ಕುಳಿತದ್ದನ್ನು ಅವರು ದೂರದಿಂದ ಕಂಡಿದ್ದರೆ, ಕಾಣದವರಂತೆ ನಡೆದುಹೋಗಿ ಆ ವಿಷಯವನ್ನೇ ಎತ್ತುತ್ತಿರಲಿಲ್ಲವೇನೋ.

ಧಾರವಾಡ ಕಡೆಯ ಕೂಡುಕುಟುಂಬದ ಪದ್ಧತಿಯನ್ನು ನೆನಪಿಸಿಕೊಳ್ಳಿ. ಹಿರಿಯರ ಮುಂದೆ ಸಲುಗೆ ಬೇಡ ಎಂಬ ನಿಯಮ ಗಂಡಹೆಂಡಿರಿಗಷ್ಟೇ ಅನ್ವಯಿಸುತ್ತಿರಲಿಲ್ಲ. ತಂದೆಯ ಎದುರು ಮಗ ತನ್ನ ಸ್ವಂತ ಕೂಸನ್ನೂ ಎತ್ತಿ ಮುದ್ದಾಡುತ್ತಿರಲಿಲ್ಲ. ಅದು ಅತ್ತರೆ ಅಜ್ಜಿಯೋ ಚಿಕ್ಕಪ್ಪನೋ ಎತ್ತಿಕೊಳ್ಳಬೇಕು. ಹತ್ತಾರು ಜನ ಒಂದೇ ಒಲೆಯ ಅನ್ನ ಉಣ್ಣುವ ಮನೆಯಲ್ಲಿ 'ಇವಳು ನನ್ನವಳು, ಇದು ನನ್ನ ಕೂಸು' ಎಂದು ಎದ್ದು ತೋರಿಸಿದರೆ, ಉಳಿದವರು ನನಗೆ ಅಷ್ಟಕ್ಕಷ್ಟೇ ಎಂದು ಹೇಳಿದಂತಾಗುತ್ತಿತ್ತು. ನಿಯಮ ಹುಟ್ಟಿದ್ದು ಅಲ್ಲಿ. ಕೂಡುಮನೆಗಳು ಒಡೆದು ಎರಡು ತಲೆಮಾರು ಕಳೆದರೂ ನಿಯಮ ಉಳಿದಿದೆ, ಕಾರಣ ಮರೆತುಹೋಗಿದೆ. ಅದಕ್ಕೇ ಯಾಕೆಂದು ಕೇಳಿದರೆ ನಿಮ್ಮ ತಂದೆಗೆ ಉತ್ತರಿಸಲು ಬರುವುದಿಲ್ಲ; ಎದ್ದು ಬಾಲ್ಕನಿಗೆ ಹೋಗಲು ಮಾತ್ರ ಬರುತ್ತದೆ. ಅವರು ಹಾಗೆ ಎದ್ದುಹೋದದ್ದನ್ನು ನೀವು ಸಿಟ್ಟೆಂದು ಓದಿದ್ದೀರಿ. ನಿಮಗೆ ಮುಜುಗರವಾಗಬಾರದೆಂದು ಜಾಗ ಬಿಟ್ಟುಕೊಟ್ಟರು ಎಂದೂ ಅದನ್ನು ಓದಬಹುದು. ಆ ಪೀಳಿಗೆಯ ಅನೇಕ ಗಂಡಸರಿಗೆ ಗೊತ್ತಿರುವ ಸೌಜನ್ಯ ಅದೇ.

ಹಾಗೆಂದು ಆ ಕಡೆಯವರು ಪ್ರೀತಿಯನ್ನು ಬಳಗದೆದುರು ತೋರಿಸುವುದೇ ಇಲ್ಲವೆಂದಲ್ಲ. ಅದಕ್ಕೆ ಹೊತ್ತು ಗೊತ್ತು ಮಾಡಿದ್ದಾರೆ. ಮದುವೆಯ ಭೂಮದ ಊಟದಲ್ಲಿ ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ತುತ್ತು ತಿನ್ನಿಸುವಾಗ, ಒಡಪು ಹಾಕಿ ಹೆಸರು ಹೇಳಿದ ಹೊರತು ಕೈ ಬಾಯಿಗೆ ಹೋಗಗೊಡದೆ ಇಡೀ ಪಂಕ್ತಿ ಕಾಡುತ್ತದೆ. ಮರಾಠಿಗರಲ್ಲಿ ಇದೇ ಪದ್ಧತಿಗೆ ಉಖಾಣೆ ಎನ್ನುತ್ತಾರೆ. ಮುಂಬಯಿಯಲ್ಲಿ ನೀವೂ ಕೇಳಿರುತ್ತೀರಿ. ಬೇರೆ ದಿನ ಗಂಡನ ಹೆಸರನ್ನೇ ಎತ್ತದ ಹೆಂಗಸು ಅಂದು ನೂರು ಜನರ ಮುಂದೆ ಪ್ರಾಸ ಕಟ್ಟಿ ಅದನ್ನು ಹೇಳುತ್ತಾಳೆ, ಹಿರಿಯರೂ ನಗುತ್ತಾರೆ. ಆರತಕ್ಷತೆಯಲ್ಲಿ ಗ್ಲಾಸು ಬಡಿದ ಮಡಗಾಂವಿನ ಅತಿಥಿಗಳಿಗೂ ಈ ಪಂಕ್ತಿಯವರಿಗೂ ಉದ್ದೇಶ ಒಂದೇ. ಈ ಸಾಮ್ಯವನ್ನು ನಿಮ್ಮ ಅತ್ತೆಗೆ ವಿವರಿಸಿ ನೋಡಿ. 'ಬಿಗುಮಾನ'ದ ಮಾತು ಅಲ್ಲಿಗೇ ಸಡಿಲಾದೀತು.

ಪತಿಯ ಕಡೆಯದನ್ನೂ ನ್ಯಾಯವಾಗಿ ನೋಡಬೇಕು. 1510ರಿಂದ 1961ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಕೆನ್ನೆಗೆ ಕೆನ್ನೆ ತಾಗಿಸಿ ಸ್ವಾಗತಿಸುವುದು ಆ ಒಡನಾಟದಲ್ಲಿ ಅಲ್ಲಿನ ಕ್ಯಾಥೊಲಿಕ್ ಮನೆಗಳಿಗೆ ಬಂದ ಶಿಷ್ಟಾಚಾರ. ಅದರಲ್ಲಿ ಪ್ರಣಯದ ಸುಳಿವಿಲ್ಲ. ನಾವು ಬಂದವರಿಗೆ ನೀರು ಕೊಟ್ಟು 'ಕೂತುಕೊಳ್ಳಿ' ಎನ್ನುವಂತೆಯೇ ಅದು. ಅದನ್ನು ಒಲ್ಲೆನೆಂದರೆ ಕೊಟ್ಟ ನೀರನ್ನು ಮುಟ್ಟದೆ ಎದ್ದುಹೋದಷ್ಟು ಕಟುವಾಗಿ ಅವರಿಗೆ ತೋರುತ್ತದೆ. ಅಂಥ ಮನೆಗಳಲ್ಲೂ ಗೆರೆಗಳಿವೆ: ಇನ್ನೂ ಮದುವೆಯಾಗದ ಜೋಡಿ ಕೇರಿಯ ಹಾದಿಯಲ್ಲಿ ಮೈಗೆ ಮೈ ತಾಗಿಸಿ ನಡೆದರೆ ಮಾತಾಡಿಕೊಳ್ಳುವ ಅಜ್ಜಿಯಂದಿರು ಅಲ್ಲೂ ಇದ್ದಾರೆ. ನಿಮ್ಮ ಪತಿಗೆ ಗೊತ್ತಿರಬಹುದಾದ ಒಂದು ಸಂಗತಿಯನ್ನು ನೆನಪಿಸುತ್ತೇನೆ. ಕ್ಯಾಥೊಲಿಕ್ ಪೂಜೆಯಲ್ಲಿ ಪರಸ್ಪರ ಶಾಂತಿ ಕೋರುವ ಘಳಿಗೆಯೊಂದಿದೆ. ಪ್ರಾಚೀನ ಕಾಲದಲ್ಲಿ ಅದು ಶಾಂತಿಯ ಮುತ್ತಾಗಿತ್ತು. 1969ರಲ್ಲಿ ವ್ಯಾಟಿಕನ್ ಭಾರತದ ಚರ್ಚಿಗೆ ಒಪ್ಪಿಗೆ ಕೊಟ್ಟ ಹನ್ನೆರಡು ಮಾರ್ಪಾಡುಗಳಲ್ಲಿ, ಅದರ ಬದಲು ಕೈಮುಗಿದು ಶಾಂತಿ ಕೋರುವುದೂ ಒಂದು. ಇಲ್ಲಿನ ಚರ್ಚುಗಳಲ್ಲಿ ಇಂದಿಗೂ ಜನ ಪಕ್ಕದವರಿಗೆ ಕೈಮುಗಿಯುತ್ತಾರೆ. ಎದುರಿಗಿರುವವರನ್ನು ನೋಡಿ ಸಲುಗೆಯ ರೂಪವನ್ನು ಬದಲಿಸಿದರೆ ಒಳಗಿನ ಭಾವ ಸುಳ್ಳಾಗುವುದಿಲ್ಲ ಎಂಬುದಕ್ಕೆ ಅವರ ಧರ್ಮದೊಳಗೇ ಉದಾಹರಣೆ ಇದೆ.

ಮುಂಬಯಿಯ ಲೆಕ್ಕಕ್ಕೆ ಕಾರಣ ಸರಳ: ಜಾಗವಿಲ್ಲ. ಚಾಳಿನ ಹತ್ತು-ಹನ್ನೆರಡು ಅಡಿಯ ಖೋಲಿಯಲ್ಲಿ ತಂದೆತಾಯಿ, ಅಣ್ಣ, ಅತ್ತಿಗೆ, ಅವರ ಮಕ್ಕಳು ಸಾಲಾಗಿ ಮಲಗುವ ಮನೆಗೆ ಮದುವೆಯಾಗಿ ಬಂದವಳಿಗೆ ಗಂಡನೊಡನೆ ಎರಡು ಮಾತಾಡಲು ಸಿಗುವ ಜಾಗ ದಾದರ್ ಚೌಪಾಟಿ, ವರಳಿ ಸೀಫೇಸ್, ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್. ಮಳೆಗಾಲದಲ್ಲಿ ಅಲ್ಲಿ ಒಂದೊಂದು ಕೊಡೆಯ ಮರೆಯಲ್ಲಿ ಒಂದೊಂದು ಸಂಸಾರವಿರುತ್ತದೆ. ಕುಳಿತವರಲ್ಲಿ ಪ್ರೇಮಿಗಳಷ್ಟೇ ಅಲ್ಲ, ತಾಳಿ ಕಟ್ಟಿಸಿಕೊಂಡವರೂ ಸಾಕಷ್ಟು. ಪುಣೆಯಲ್ಲಿ ಡೆಕ್ಕನ್ ಬಳಿಯ ಝಡ್ ಬ್ರಿಜ್ ಮೇಲೆ ಸಂಜೆ ಸಾಲುಗಟ್ಟಿ ನಿಲ್ಲುವ ಸ್ಕೂಟರುಗಳ ಕತೆಯೂ ಇದೇ. ನಗರದ ಒಪ್ಪಂದವೇನೆಂದರೆ, ನೀವು ಸಮುದ್ರಕ್ಕೆ ಮುಖ ಮಾಡಿ ಕುಳಿತುಕೊಳ್ಳಿ, ನಾವು ನೋಡದವರಂತೆ ಹೋಗುತ್ತೇವೆ. ಈ ಒಪ್ಪಂದ ಯಾವಾಗಲೂ ನಡೆಯುವುದಿಲ್ಲ. 2021ರಲ್ಲಿ ಬೊರಿವಲಿಯ ಒಂದು ಹೌಸಿಂಗ್ ಸೊಸೈಟಿಯವರು, ಎದುರಿನ ರಸ್ತೆಯಲ್ಲಿ ನಿಲ್ಲುವ ಜೋಡಿಗಳಿಂದ ಬೇಸತ್ತು, ಇಲ್ಲಿ ಮುತ್ತಿಡಬಾರದು ಎಂದು ರಸ್ತೆಯ ಮೇಲೇ ಬಣ್ಣದಲ್ಲಿ ಬರೆಸಿದ್ದರು.

ಕಾನೂನಿನ ಬಗ್ಗೆ ನಾನು ವಕೀಲಳಲ್ಲದಿದ್ದರೂ, ನನ್ನಲ್ಲಿಗೆ ಬರುವ ಜೋಡಿಗಳು ಕೇಳುತ್ತಲೇ ಇರುವುದರಿಂದ ಅಗತ್ಯವಿರುವಷ್ಟು ತಿಳಿದಿಟ್ಟುಕೊಂಡಿದ್ದೇನೆ. ಕೈ ಹಿಡಿಯುವುದನ್ನು, ಹೆಗಲ ಮೇಲೆ ಕೈಯಿಡುವುದನ್ನು, ಅಪ್ಪಿಕೊಳ್ಳುವುದನ್ನು ಅಪರಾಧವೆಂದು ಹೆಸರಿಸುವ ಕಾನೂನು ನಮ್ಮಲ್ಲಿಲ್ಲ. ಇರುವುದು ಭಾರತೀಯ ನ್ಯಾಯ ಸಂಹಿತೆಯ 296ನೆಯ ಕಲಂ, ಅಂದರೆ ದಂಡ ಸಂಹಿತೆಯ ಹಳೆಯ 294. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಕೃತ್ಯ ಮಾಡಿದರೆ ಮೂರು ತಿಂಗಳವರೆಗೆ ಸೆರೆ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದು ಜಾಮೀನು ಸಿಗುವ ಅಪರಾಧ. ಅಶ್ಲೀಲವೆಂದರೇನು ಎಂಬುದಕ್ಕೆ ಕಲಂನಲ್ಲಿ ವಿವರಣೆಯಿಲ್ಲ, ಎಲ್ಲ ಗೊಂದಲದ ಮೂಲ ಅದೇ. ಅಶ್ಲೀಲತೆಯನ್ನು ಇಂದಿನ ಸಮಾಜದ ಮಾನದಂಡದಿಂದ ಅಳೆಯಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ, ಒಂದು ಛಾಯಾಚಿತ್ರದ ಪ್ರಕರಣದಲ್ಲಿ, ಹೇಳಿದೆ. ಮೆಟ್ರೊ ಸ್ಟೇಷನ್ ಬಳಿ ಮುತ್ತಿಟ್ಟರೆಂದು ಪೊಲೀಸರು ಮೊಕದ್ದಮೆ ಹೂಡಿದ್ದ ಒಂದು ವಿವಾಹಿತ ಜೋಡಿಯ ವಿಷಯದಲ್ಲಿ, ಯುವ ದಂಪತಿಯ ಪ್ರೀತಿಯ ಅಭಿವ್ಯಕ್ತಿ ಅಶ್ಲೀಲತೆಯ ಅಪರಾಧವಾಗುವುದು ಹೇಗೆಂದು ಊಹಿಸಲೂ ಆಗದು ಎಂಬ ನಿಲುವನ್ನು ದೆಹಲಿ ಹೈಕೋರ್ಟ್ 2009ರಲ್ಲೇ ತಳೆದಿತ್ತು.

ನಿಮ್ಮ ಬಳಿ ಕೇಳಿದ 1,200ರ ಅಂಕಿ ಬಂದದ್ದು ಬೇರೆ ಕಡೆಯಿಂದ. ಮಹಾರಾಷ್ಟ್ರ ಪೊಲೀಸ್ ಕಾಯಿದೆಯ 110ನೆಯ ಕಲಂ ಸಾರ್ವಜನಿಕವಾಗಿ ಅಸಭ್ಯವಾಗಿ ವರ್ತಿಸುವುದನ್ನು ನಿಷೇಧಿಸುತ್ತದೆ. 2015ರ ಆಗಸ್ಟ್‌ನಲ್ಲಿ ಮಢ್ ದ್ವೀಪ ಮತ್ತು ಅಕ್ಸಾ ಕಡೆಯ ಹೋಟೆಲುಗಳಿಂದ ಹಲವು ಜೋಡಿಗಳನ್ನು ಠಾಣೆಗೆ ಕರೆದೊಯ್ದು, ಇದೇ ಕಲಂ ಹಾಕಿ 1,200 ರೂಪಾಯಿ ದಂಡ ವಿಧಿಸಲಾಗಿತ್ತು. ಬಾಗಿಲು ಹಾಕಿದ ಕೋಣೆ ಸಾರ್ವಜನಿಕ ಸ್ಥಳವಾದದ್ದು ಹೇಗೆಂದು ಊರಿಗೆ ಊರೇ ಕೇಳಿದ ಮೇಲೆ ವಿಚಾರಣೆಗೆ ಆದೇಶವಾಯಿತು. ಆ ಅಂಕಿ ಸಮುದ್ರದಂಡೆಯ ಬೆದರಿಕೆಯ ಬಂಡವಾಳವಾಗಿದೆ. ಇನ್ನು ಮುಂದೆ ಯಾರಾದರೂ ಬಂದರೆ ಶಾಂತವಾಗಿ ಅವರ ಹೆಸರು, ಠಾಣೆ, ಯಾವ ಕಲಂ ಎಂಬುದನ್ನು ಕೇಳಿ. ದಂಡವಿದ್ದರೆ ಪಾವತಿಯ ರಸೀದಿ ಕೇಳಿ. ಹಣ ಕೈಗೆ ಕೊಡಬೇಡಿ. ಒತ್ತಾಯ ಹೆಚ್ಚಾದರೆ 112ಕ್ಕೆ ಕರೆ ಮಾಡಿ. ಮದುವೆಯ ಪ್ರಮಾಣಪತ್ರ ಜೇಬಿನಲ್ಲಿಟ್ಟುಕೊಂಡು ತಿರುಗಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯನ್ನು ಬಂಧಿಸುವುದು ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮಹಿಳಾ ಅಧಿಕಾರಿಯಿಂದ, ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದೇ ಆಗಬೇಕು. ಇಷ್ಟು ತಿಳಿದಿದ್ದರೆ ಧ್ವನಿ ನಡುಗುವುದಿಲ್ಲ, ನಡುಗದ ಧ್ವನಿಯ ಜೊತೆ ವ್ಯವಹಾರ ಕುದುರುವುದಿಲ್ಲ.

ಆದರೂ ಕಾನೂನು ನಿಮ್ಮ ಪರವಾಗಿದೆ ಎಂಬ ಧೈರ್ಯದಲ್ಲಿ ವಿವಾದಕ್ಕೆ ಕೈಹಾಕಿ ಎಂದು ನಾನು ಹೇಳುವುದಿಲ್ಲ. 2007ರಲ್ಲಿ ದೆಹಲಿಯ ಏಡ್ಸ್ ಜಾಗೃತಿ ಸಭೆಯೊಂದರಲ್ಲಿ ನಟ ರಿಚರ್ಡ್ ಗೇರ್, ಮಂಗಳೂರು ಮೂಲದ ನಮ್ಮ ಶಿಲ್ಪಾ ಶೆಟ್ಟಿ ಅವರ ಕೆನ್ನೆಗೆ ಮುತ್ತಿಟ್ಟರು. ರಾಜಸ್ಥಾನದಲ್ಲಿ ದೂರು ದಾಖಲಾಯಿತು, ಪ್ರಕರಣ ಮುಂಬಯಿಗೆ ವರ್ಗವಾಯಿತು, ಆಕೆಯದೇನೂ ತಪ್ಪಿಲ್ಲವೆಂದು ಇಲ್ಲಿನ ಮ್ಯಾಜಿಸ್ಟ್ರೇಟ್ ಬಿಡುಗಡೆ ಮಾಡಿದ್ದು 2022ರ ಜನವರಿಯಲ್ಲಿ. ತಾನಾಗಿ ಏನನ್ನೂ ಮಾಡದ ಹೆಣ್ಣಿಗೆ, ಅದೂ ವಕೀಲರ ಪಡೆಯೇ ಇದ್ದವರಿಗೆ, ಸುಮಾರು ಹದಿನೈದು ವರ್ಷ ಹಿಡಿಯಿತು. ಇಂದು ಪೊಲೀಸರಿಗಿಂತ ಹೆಚ್ಚಿನ ಅಪಾಯ ದಾರಿಹೋಕರ ಕೈಯಲ್ಲಿರುವ ಮೊಬೈಲಿನದು. ಒಂದು ವಿಡಿಯೊ ನಿಮ್ಮ ಆಫೀಸಿಗೂ ಧಾರವಾಡದ ಓಣಿಗೂ ಒಂದೇ ರಾತ್ರಿಯಲ್ಲಿ ತಲುಪಬಲ್ಲದು. ವಿದೇಶ ಪ್ರವಾಸ ಹೊರಟರೂ ಎಚ್ಚರವಿರಲಿ: 2010ರಲ್ಲಿ ದುಬೈನ ಒಂದು ರೆಸ್ಟೊರೆಂಟಿನಲ್ಲಿ ಮುತ್ತಿಟ್ಟರೆಂಬ ಆರೋಪದ ಮೇಲೆ ಒಂದು ಬ್ರಿಟಿಷ್ ಜೋಡಿಗೆ ಒಂದು ತಿಂಗಳ ಸೆರೆಯಾಗಿತ್ತು.

ಇನ್ನು ನೀವು ಮಾಡಬಹುದಾದದ್ದು. ಏನನ್ನೂ ಹೇಳದೆ ಸಹಿಸಿಕೊಂಡು ಹೋಗುವುದು ಮೊದಲು ಹೊಳೆಯುವ ದಾರಿ, ಅದೇ ಎಲ್ಲಕ್ಕಿಂತ ದುಬಾರಿ. ಹೊರಗೆ ಅದುಮಿಟ್ಟ ಅಸಮಾಧಾನ ನಿಧಾನವಾಗಿ ಒಳಗಿನ ಏಕಾಂತವನ್ನೂ ಕೆಡಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಈಗ ಸರಿಯಿರುವುದನ್ನೂ ಕಳೆದುಕೊಳ್ಳುತ್ತೀರಿ. ಎರಡನೆಯದು, ಪತಿಗೆ ಒಟ್ಟಾರೆ 'ಮುಟ್ಟಬೇಡಿ' ಎಂದುಬಿಡುವುದು. ಚಿಕ್ಕಂದಿನಿಂದ ಮೈಮುಟ್ಟಿಯೇ ಅಕ್ಕರೆ ಪಡೆದು ಬೆಳೆದವರಿಗೆ ಅದು ಬಾಗಿಲು ಹಾಕಿದಂತೆ ಕೇಳಿಸುತ್ತದೆ, 'ನಾಚಿಕೆಯೇ?' ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನಾನು ಸೂಚಿಸುವುದು, ಒಂದು ರಜೆಯ ದಿನ ಕುಳಿತು ಮೂರು ಸಂದರ್ಭಗಳನ್ನು ಬೇರೆ ಬೇರೆಯಾಗಿ ಮಾತಾಡಿಕೊಳ್ಳುವುದನ್ನು: ನಿಮ್ಮ ತಂದೆತಾಯಿಯ ಎದುರು, ಮಡಗಾಂವಿನ ಮನೆಯಲ್ಲಿ, ಮುಂಬಯಿಯ ಬೀದಿಯಲ್ಲಿ. ತಂದೆಯ ಎದುರಿನ ವಿಷಯದಲ್ಲಿ ಪತಿ ಬಿಟ್ಟುಕೊಡಲಿ. ಮಡಗಾಂವಿನ ವಿಷಯದಲ್ಲಿ ನೀವು ಸ್ವಲ್ಪ ಮುಂದೆ ಬನ್ನಿ; ಅತ್ತೆ ಅಪ್ಪಿಕೊಳ್ಳುವ ಮೊದಲೇ ನೀವೇ ಹೋಗಿ ಅವರ ಎರಡೂ ಕೈ ಹಿಡಿದುಕೊಂಡರೆ, ಎಷ್ಟು ಹತ್ತಿರ ಎಂಬುದನ್ನು ನಿರ್ಧರಿಸುವವರು ನೀವಾಗುತ್ತೀರಿ, ಅವರಿಗೂ ಕೊರತೆಯೆನಿಸುವುದಿಲ್ಲ. ದೂರದ ನೆಂಟ ಗಂಡಸರಿಗೆ ಕೈಮುಗಿದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ. ಬೀದಿಯ ವಿಷಯದಲ್ಲಿ ಮಾತ್ರ, ಹೆಚ್ಚು ಮುಜುಗರ ಯಾರಿಗೋ ಅವರ ಮಾತೇ ನಡೆಯಬೇಕು. ಪ್ರೀತಿ ಇದೆ ಎಂಬ ಕಾರಣಕ್ಕೆ ಎಲ್ಲೆಂದರಲ್ಲಿ ಮುಟ್ಟಿಸಿಕೊಳ್ಳುವ ಸಾಲ ಯಾರ ಮೇಲೂ ಇರುವುದಿಲ್ಲ, ಮದುವೆಯಾದವರ ಮೇಲೂ.

ಈ ಏರ್ಪಾಡಿನಲ್ಲೂ ತೊಡಕಿದೆ. ಮಾವನ ಮನೆಯಲ್ಲಿ ನಾಟಕವಾಡುತ್ತಿದ್ದೇನೆಂದು ಪತಿಗೆ ಅನ್ನಿಸಬಹುದು. ಮಾಡಬಾರದ್ದರ ಪಟ್ಟಿಯಷ್ಟೇ ಕೈಗೆ ಕೊಟ್ಟರೆ ಹಾಗೆ ಅನ್ನಿಸದೆ ಇರುವುದಿಲ್ಲ, ಮಾಡಬಹುದಾದದ್ದನ್ನೂ ತೋರಿಸಿಕೊಡಿ. ನಿಮ್ಮ ತಂದೆಯಂಥವರು ಬೆಳಗಿನ ಜಾವ ಬಸ್ ಸ್ಟ್ಯಾಂಡಿಗೆ ತಾವೇ ಬಂದು ಬ್ಯಾಗು ಎತ್ತಿಕೊಳ್ಳುತ್ತಾರೆ, ಹೊರಡುವಾಗ ಪೇಡೆಯ ಪೊಟ್ಟಣ ಕೈಗಿಟ್ಟು ಮುಖ ನೋಡದೆ 'ಮುಟ್ಟಿದ ಕೂಡಲೇ ಫೋನ್ ಮಾಡ್ರಿ' ಎನ್ನುತ್ತಾರೆ. ಆ ಮನೆಯಲ್ಲಿ ಅಕ್ಕರೆ ಓಡಾಡುವ ದಾರಿ ಅದು. ಅಳಿಯ ಊಟಕ್ಕೆ ಕುಳಿತಾಗ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಳ್ಳಲಿ, ನಿಮ್ಮ ತಟ್ಟೆಯಲ್ಲಿ ಪಲ್ಯ ಮುಗಿದದ್ದನ್ನು ಗಮನಿಸಿ ಅವ್ವನಿಗೆ ಹೇಳಲಿ, ಸಂಜೆ ಮಾವನ ಜೊತೆ ಪೇಟೆಗೆ ಹೋಗಿ ಬರಲಿ. ಮಗಳನ್ನು ಇವನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂಬುದು ತಂದೆಗೆ ತಿಳಿಯುವುದು ಇಂಥವುಗಳಿಂದ. ಪೇಟೆಯಲ್ಲಿ ಮಾವನೇ ಅಳಿಯನ ಕೈ ಹಿಡಿದು ರಸ್ತೆ ದಾಟಿಸಿದರೆ ಬೆಚ್ಚಿಬೀಳಬಾರದೆಂದು ಪತಿಗೆ ಮೊದಲೇ ಹೇಳಿರಿ.

ತಂದೆಯ ಬಳಿ ಈ ವಿಷಯವನ್ನು ನೀವಾಗಿ ಎತ್ತಬೇಡಿ. ಪತಿ ಕ್ಷಮೆ ಕೇಳುವುದಂತೂ ಬೇಡವೇ ಬೇಡ. ಕಂಡೂ ಕಾಣದಂತೆ ಇರಬೇಕೆಂದು ಅವರು ಎದ್ದುಹೋದದ್ದನ್ನು ನೀವು ಮುಂದೆ ತಂದಿಟ್ಟು ಚರ್ಚಿಸಿದರೆ ಅವರಿಗೆ ಎರಡನೆಯ ಸಲ ಮುಜುಗರವಾಗುತ್ತದೆ. ನಿಮ್ಮ ಅವ್ವ ಆಗಲೇ ಸರಿಯಾದ ದಾರಿ ಹಿಡಿದಿದ್ದಾರೆ: 'ಅಳ್ಯಾರಿಗೆ ನೀನ ಹೇಳು' ಎಂದರೆ ಮಾತು ಅವರ ಮೂಲಕ ಬಂತು, ಅವರ ಮೂಲಕವೇ ಹೋಗಲಿ. 'ಹೇಳಿದ್ದೇನೆ, ಅವರಿಗೂ ತಿಳಿದಿದೆ, ಅಪ್ಪ ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ' ಎಂದು ಅವ್ವನಿಗೆ ತಿಳಿಸಿ. ಅಂದೇ ರಾತ್ರಿ ಅದು ತಲುಪಬೇಕಾದವರಿಗೆ ತಲುಪುತ್ತದೆ. ಒಂದು ವಾರ ಬಿಟ್ಟು ಪತಿಯೇ ಮಾವನಿಗೆ ಫೋನ್ ಮಾಡಿ ಮಳೆಬೆಳೆ ವಿಚಾರಿಸಲಿ.

ತಂಗಿಯ ಮದುವೆಗೆ ಭಯಪಡುವ ಕಾರಣ ನನಗೆ ಕಾಣುವುದಿಲ್ಲ. ಭೂಮದ ಊಟ ನಿಮ್ಮಲ್ಲಿದ್ದರೆ ಮದುಮಕ್ಕಳದು ಮುಗಿದ ಮೇಲೆ ಬಳಗದವರು ಹಳೆಯ ಜೋಡಿಗಳನ್ನೂ ಹಿಡಿಯುತ್ತಾರೆ, ನಿಮ್ಮ ಮದುವೆಯಲ್ಲಿ ತಪ್ಪಿಸಿಕೊಂಡವರೆಂದು ನಿಮ್ಮನ್ನಂತೂ ಬಿಡಲಾರರು. ಹೋಗುವ ಮೊದಲೇ ಪತಿಗೆ ಎರಡು ಸಾಲಿನ ಒಂದು ಒಡಪು ಕಲಿಸಿ, ನಿಮ್ಮ ಹೆಸರಿಗೆ ಪ್ರಾಸ ಕೂಡುವಂಥದ್ದು. ಉಚ್ಚಾರ ತಪ್ಪಿದರೆ ಇನ್ನೂ ಒಳ್ಳೆಯದು, ಪಂಕ್ತಿಯಲ್ಲಿ ನಗು ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಅವರು ನಿಮ್ಮ ಬಾಯಿಗೆ ತುತ್ತಿಟ್ಟರೆ ನಿಮ್ಮ ತಂದೆ ಎದ್ದುಹೋಗುವುದಿಲ್ಲ. ಅಷ್ಟು ಜನರೆದುರು ಒಡಪು ಹೇಳಲು ಪತಿಗೇ ಸಂಕೋಚವಾದರೆ ಒತ್ತಾಯ ಬೇಡ. ಅವರ ಪಾಲಿನದನ್ನೂ ನೀವೇ ಹೇಳಿ ಮುಗಿಸಿಬಿಡಿ.